ಬಾಗಿಲ ಮೇಲಿನ ಗುಲಾಬಿ ಬೊಟ್ಟು

ನನ್ನ ಕಿವಿ ಬಹಳ ಚುರುಕು. ಹೆಮ್ಮೆಯಿಂದ ಹೇಳುತ್ತಿಲ್ಲ, ಇದೊಂದು ಕಾಟ. ಇಪ್ಪತ್ತಾರು ವರ್ಷದಿಂದ ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದರೂ ಕೊನೆಯ ಬೆಂಚಿನಲ್ಲಿ ಕಡಲೆಕಾಯಿ ಸುಲಿದವರು ಯಾರು ಎಂದು ತಿರುಗದೆ ಹೇಳಬಲ್ಲೆ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ನನಗೆ ನಿದ್ದೆ ಇಲ್ಲ, ಫ್ಯಾನು ಕಿರ್ ಅಂದರೆ ಊಟ ಸೇರುವುದಿಲ್ಲ. "ನಿನ್ನ ಜೊತೆ ಬಾಳೋನು ಉಸಿರು ಬಿಡೋಕೂ ಪರ್ಮಿಷನ್ ತಗೋಬೇಕು ಕಣೇ ನಯನ" ಎಂದು ನನ್ನ ಗಂಡ ಮಹೇಂದ್ರ ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಇಂಥ ನನ್ನ ಪಾಲಿಗೆ ಬಂದದ್ದು ಗಡಗಡ ಎನ್ನುವ ಕಾರು.

ಕಾರು ಅಪ್ಪನದು. ತೊಂಬತ್ತನಾಲ್ಕರ ಬಿಳಿ ಅಂಬಾಸಿಡರ್. ಕಡೂರಿನ ಹತ್ತಿರ ನಮ್ಮದೊಂದು ತೆಂಗಿನ ತೋಟ ಇದೆ. ಅಪ್ಪ ಚಂದ್ರಶೇಖರಪ್ಪ ಆ ಕಾರಿನಲ್ಲಿ ತೆಂಗಿನಕಾಯಿ, ಗೊಬ್ಬರದ ಚೀಲ, ಎಳೆಗರು, ಮದುವೆ ಹೆಣ್ಣು ಎಲ್ಲವನ್ನೂ ಸಾಗಿಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಕೀ ತಂದು ನನ್ನ ಕೈಗಿಟ್ಟು, "ಮಾರ್ಬೇಡ" ಅಂದರು. ಮಾರಲಿಲ್ಲ. ಆದರೆ ನಾನಿರುವುದು ತರೀಕೆರೆಯಲ್ಲಿ, ಶಾಲೆ ಅಜ್ಜಂಪುರದಲ್ಲಿ. ದಿನಾ ಹೋಗಿ ಬರುವಷ್ಟರಲ್ಲಿ ಅದರ ಬಾಗಿಲುಗಳ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

"ಬಾಗ್ಲು ಅಂದ್ರೆ ಧನಪಾಲು. ಬೇರೆ ಎಲ್ಲೂ ಹೋಗ್ಬೇಡ" ಎಂದು ಅಪ್ಪನೇ ಹೇಳಿದ್ದರು.

ತರೀಕೆರೆಯಿಂದ ಕಡೂರಿನ ಕಡೆ ಹೋಗುವ ರಸ್ತೆಯಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಶೆಡ್ಡು. ಅದರ ಹಿಂದೆಯೇ ಮನೆ. ಶೆಡ್ಡಿನ ಒಂದು ಮೂಲೆಯಲ್ಲಿ ಧನಪಾಲ್ ಅವರ ಹೆಂಡತಿ ಕೋಮಲಾ ಅವರ ಹೊಲಿಗೆ ಮಿಷನ್. ಗಂಡ ಕಾರಿನ ತಗಡು ಬಡಿಯುತ್ತಿದ್ದರೆ ಹೆಂಡತಿ ರವಿಕೆ ಹೊಲಿಯುತ್ತಾರೆ. ಗೋಡೆಯಲ್ಲಿ ಬುದ್ಧನ ಒಂದು ಪಟ ಬಿಟ್ಟರೆ ಬೇರೇನಿಲ್ಲ. ಉಳಿದ ಗ್ಯಾರೇಜುಗಳ ಹಾಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು, ಅಮಾವಾಸ್ಯೆಗೆ ಕುಂಬಳಕಾಯಿ ಒಡೆಯುವುದು ಅವರಲ್ಲಿಲ್ಲ.

ಧನಪಾಲ್ ಡೆಂಟು ತೆಗೆಯುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ, ಆದರೆ ಹೆಸರಾದದ್ದು ಬಾಗಿಲಿಗೆ. ಎರಡು ವರ್ಷದ ಕೆಳಗೆ ಬಲಗಡೆಯ ಹಿಂದಿನ ಬಾಗಿಲು ಸರಿಮಾಡಿಸಲು ಹೋದಾಗ ಎದುರಿಗೇ ಕೂತು ಅವರ ಕೆಲಸ ನೋಡಿದ್ದೆ. ಮೊದಲು ಯಾವ ಹತಾರವನ್ನೂ ಮುಟ್ಟಲಿಲ್ಲ. ಬಾಗಿಲನ್ನು ಅರ್ಧ ತೆಗೆದು, ತುದಿಯನ್ನು ಎರಡು ಕೈಯಲ್ಲಿ ಹಿಡಿದು, ನಿದ್ದೆ ಮಾಡುವ ಮಗುವನ್ನು ಎತ್ತುವ ಹಾಗೆ ಮೆಲ್ಲಗೆ ಮೇಲೆತ್ತಿ ಇಳಿಸಿದರು. ಬಾಗಿಲು ತಿರುಗುವ ಹಿಂಜಿನ ಪಿನ್ನು ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದಂತೆ. ಬಾಗಿಲಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಕಿರುಬೆರಳು ಓಡಿಸಿದರು. ಆಮೇಲೆ ಹಳೇ ಪೇಪರನ್ನು ಪಟ್ಟಿ ಪಟ್ಟಿಯಾಗಿ ಹರಿದು, ಸುತ್ತ ನಾಲ್ಕೈದು ಕಡೆ ಇಟ್ಟು, ಬಾಗಿಲು ಮುಚ್ಚಿ ಒಂದೊಂದೇ ಪಟ್ಟಿ ಎಳೆದು ನೋಡಿದರು. ಸಲೀಸಾಗಿ ಈಚೆ ಬಂದ ಕಡೆ ಅಂಚಿನ ಬೀಡಿಂಗ್ ರಬ್ಬರು ಸತ್ತಿದೆ ಎಂದು ಅರ್ಥ.

"ಪೇಪರು ಬಿಗಿಯಾಗಿ ಕಚ್ಕೋಬೇಕು ಮೇಡಂ, ಆದ್ರೆ ಹರೀಬಾರ್ದು. ಅಷ್ಟೇ ಬಾಗ್ಲು" ಅಂದರು. ಮೂರು ದಿನದಲ್ಲಿ ನಾನು ಅವರ ಬಾಯಿಂದ ಕೇಳಿದ ದೊಡ್ಡ ಮಾತು ಅದೇ.

ಮಾತು ಬಹಳ ಕಮ್ಮಿ. ನಾವು ಮಾತಾಡುವಾಗ ಕಣ್ಣು ನೋಡದೆ ಬಾಯಿಯನ್ನೇ ನೋಡುತ್ತಾರೆ. ಮೊದಲ ದಿನ ನನ್ನ ತುಟಿಗೆ ಉಪ್ಪಿಟ್ಟು ಅಂಟಿಕೊಂಡಿದೆಯೋ ಏನೋ ಎಂದು ಎರಡು ಸಲ ಸೆರಗಿನಲ್ಲಿ ಒರೆಸಿಕೊಂಡಿದ್ದೆ. ಎಲ್ಲ ಕೆಲಸ ಮುಗಿದ ಮೇಲೆ ಕಾರನ್ನು ಅಮೃತಾಪುರದ ತನಕ ಓಡಿಸಿಕೊಂಡು ಹೋಗಿ ಬರುತ್ತಾರೆ. ನಿಂತ ಕಾರಿನ ಬಾಗಿಲು ಸಾಧುವಾಗಿಯೇ ಇರುತ್ತದೆ, ಅದರ ನಿಜವಾದ ಗುಣ ತಿಳಿಯುವುದು ಹಳ್ಳ ದಿಣ್ಣೆಯಲ್ಲಿ. ಆ ಟ್ರಯಲ್‌ಗೆ ಗಿರಾಕಿಗಳನ್ನು ಹತ್ತಿಸಿಕೊಳ್ಳುವುದಿಲ್ಲ, ಅದು ಅವರ ಕಟ್ಟುನಿಟ್ಟು. ಆದರೆ ಕೋಮಲಾ ಹೋಗುತ್ತಾರೆ. ರವಿಕೆಗಳ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಹೆಂಡತಿಗೆ ಪರರ ಕಾರಿನಲ್ಲಿ ಪುಕ್ಕಟೆ ಸವಾರಿ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದಿದ್ದೆ.

ಕಾರು ವಾಪಸ್ ಬಂದಾಗ ಸದ್ದು ನಿಂತಿತ್ತು. ಬಾಗಿಲ ಒಳಮೈಯ ರೆಕ್ಸಿನ್ನಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಗುಲಾಬಿ ಬೊಟ್ಟೊಂದು ಇತ್ತು.

"ಅಳಿಸ್ಬೇಡಿ ಮೇಡಮ್ಮೋರೇ, ಅದು ಧನಪಾಲಣ್ಣನ ದೃಷ್ಟಿಬೊಟ್ಟು. ಅದಿರೋಗಂಟ ಬಾಗ್ಲು ಬಾಯಿ ಬಿಡಲ್ಲ" ಎಂದವನು ಚೌಡಪ್ಪ. ನನ್ನ ಕೈಯಲ್ಲಿ ಗಣಿತದಲ್ಲಿ ಎರಡು ಸಲ ಫೇಲಾಗಿ, ಈಗ ನಾಲ್ಕು ವ್ಯಾನು ಇಟ್ಟುಕೊಂಡು ಸ್ಟ್ಯಾಂಡಿಗೆಲ್ಲ ಯಜಮಾನನಾಗಿರುವವನು. ಆಯುಧಪೂಜೆಗೆ ಗಾಡಿ ತೊಳೆಯುವಾಗ ಆ ಬೊಟ್ಟಿನ ಸುತ್ತ ಬಿಟ್ಟು ತೊಳೆಯುವವರು, ಮಾಸಿದರೆ ಅದೇ ಜಾಗಕ್ಕೆ ಕುಂಕುಮ ಹಚ್ಚುವವರು ನಮ್ಮೂರಲ್ಲಿದ್ದರು. ದೃಷ್ಟಿ ಗಿಷ್ಟಿ ನಂಬದ ಮನುಷ್ಯ ಬೊಟ್ಟು ಯಾಕಿಡುತ್ತಾರೆ ಎಂದು ನನಗೆ ತಲೆ ಕೊರೆಯಿತು. ಕೇಳಿದೆ. ನನ್ನ ಬಾಯಿ ನೋಡಿ, ನಕ್ಕು, "ಇರ್ಲಿ ಬಿಡಿ ಮೇಡಂ" ಅಂದರು.

ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಎಡಗಡೆಯ ಹಿಂದಿನ ಬಾಗಿಲು ಜೋತು ಬಿತ್ತು. ಎತ್ತಿ ಹಾಕಿದರೇ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ ಮೇಲೂ ಸುಮ್ಮನಿರದೆ, ಹಳ್ಳ ಸಿಕ್ಕಿದಲ್ಲೆಲ್ಲ ಕಟಕಟ ಕಟಕ್. ಧನಪಾಲ್ ಹತ್ತಿರ ಒಯ್ದೆ.

"ಒಂದು ತಿಂಗ್ಳು ಬಿಟ್ಟು ತನ್ನಿ ಮೇಡಂ. ಮನೆಯವರು ಊರಲ್ಲಿಲ್ಲ" ಅಂದರು. ಮಗಳ ಬಾಣಂತನಕ್ಕೆ ಕೋಮಲಾ ಲಕ್ಕವಳ್ಳಿಗೆ ಹೋಗಿದ್ದರು.

"ಬಾಗಿಲು ರಿಪೇರಿಗೂ ನಿಮ್ಮ ಮನೆಯವರಿಗೂ ಏನ್ರೀ ಸಂಬಂಧ?" ಅಂದೆ. ಅವರು ಬಗ್ಗಿ ಹತಾರ ಎತ್ತಿಕೊಂಡರು. ನಾನು ಬಿಡುವ ಜಾತಿಯವಳಲ್ಲ. "ಸೋಮವಾರ ಶಾಲೆಗೆ ಇದೇ ಕಾರಲ್ಲಿ ಹೋಗ್ಬೇಕು" ಎಂದು ಕೀ ಬೆಂಚಿನ ಮೇಲಿಟ್ಟು ಬಂದೆ.

ಭಾನುವಾರ ಕಾರು ಸಿಕ್ಕಿತು. ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು, ಸಂದಿ ಮೇಲಿಂದ ಕೆಳಗೆ ಒಂದೇ ಸಮ. ಆದರೆ ಸೋಮವಾರ ಊರಾಚೆಯ ಮೊದಲ ದಿಣ್ಣೆಯಲ್ಲೇ ಒಳಗಿಂದ ಕಟಕ್ ಅಂದಿತು. ಅಜ್ಜಂಪುರ ಮುಟ್ಟುವ ತನಕ ಎಣಿಸಿದೆ, ನಲವತ್ತೊಂದು ಸಲ. ಬಾಗಿಲಲ್ಲಿ ಬೊಟ್ಟೂ ಇರಲಿಲ್ಲ.

ಸಂಜೆ ಶಾಲೆ ಬಿಟ್ಟವಳೇ ನೆಟ್ಟಗೆ ಶೆಡ್ಡಿಗೆ ಬಂದೆ. ಪಕ್ಕದ ಟೀ ಅಂಗಡಿಯಲ್ಲಿ ಚೌಡಪ್ಪ ಮತ್ತು ನಾಲ್ಕೈದು ಜನ ಡ್ರೈವರ್‌ಗಳು ನಿಂತಿದ್ದರು. ನನಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ.

"ಏನ್ರೀ ಧನಪಾಲ್, ಇಷ್ಟು ಸದ್ದು ಮಾಡ್ತಿದೆ, ನಿಮಗೆ ಕಿವಿ ಕೇಳಲ್ವೇನ್ರೀ?"

ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಟೀ ಅಂಗಡಿಯವರೆಲ್ಲ ಹೋ ಎಂದು ನಕ್ಕರು. ಧನಪಾಲ್ ಆಗ ಬಗ್ಗಿ ಯಾವುದೋ ಬೋಲ್ಟು ತಿರುಗಿಸುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು, ನಗುತ್ತಿದ್ದವರ ಮುಖಗಳನ್ನು ನೋಡಿದರು, ಆಮೇಲೆ ತಾವೂ ನಕ್ಕರು. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಆ ತಡವಾದ ನಗು ನನಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಪ್ರಜ್ಞಾ ಎಂಬ ಹುಡುಗಿ ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ಎಲ್ಲರೂ ನಕ್ಕ ಮೇಲೆ ಅತ್ತಿತ್ತ ನೋಡಿ ನಗುತ್ತಿದ್ದಳು. ಗಮನವಿಲ್ಲ, ಕುಚೇಷ್ಟೆ ಎಂದು ಇಡೀ ವರ್ಷ ಬೈದೆ. ಅವಳಿಗೆ ಒಂದು ಕಿವಿ ಪೂರ್ತಿ ಹೋಗಿದೆ ಎಂದು ಗೊತ್ತಾದದ್ದು ಅವಳು ಶಾಲೆ ಬಿಟ್ಟ ಮೇಲೆ. ಶೆಡ್ಡಿನ ಮುಂದೆ ನಿಂತಾಗ ಅವಳ ಮುಖ ನೆನಪಾಯಿತು. ಆದರೂ ಸಿಟ್ಟು ಇಳಿಸಿಕೊಳ್ಳಲು ಮನಸ್ಸು ಬರದೆ ಕಾರು ಹತ್ತಿ ಹೊರಟೆ. ನನ್ನ ಹಟ ಅಂಥದ್ದು.

ಮೂರು ವಾರದ ಮೇಲೆ ಧನಪಾಲ್ ಹೇಳಿಕಳಿಸಿದರು, ಶನಿವಾರ ಮಧ್ಯಾಹ್ನ ಕಾರು ತನ್ನಿ ಅಂತ. ಹೋದೆ. ಕೋಮಲಾ ಲಕ್ಕವಳ್ಳಿಯಿಂದ ಬಂದಿದ್ದರು, ಮೊಮ್ಮಗಳು ಹುಟ್ಟಿದ್ದಾಳೆ ಎಂದು ಕೈಗೆ ಸಕ್ಕರೆ ಹಾಕಿದರು. ಧನಪಾಲ್ ಕಾರು ಹತ್ತಿದರು. ನಾನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತೆ.

"ಮೇಡಂ, ಟ್ರಯಲ್‌ಗೆ ಗಿರಾಕಿಗಳನ್ನ..." ಎಂದು ಧನಪಾಲ್ ರಾಗ ಎಳೆದರು.

"ಕಾರು ನಂದು. ನಾನು ಬರ್ತೀನಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬರ್ಲಿ ಬಿಡಿ" ಎಂದು ಕೋಮಲಾ ನನ್ನ ಪಕ್ಕದಲ್ಲಿ, ಆ ಕೆಟ್ಟ ಬಾಗಿಲಿಗೆ ಒತ್ತಿ ಕೂತರು. ತೊಡೆಯ ಮೇಲೆ ರವಿಕೆಯ ಚೀಲ.

ಅಮೃತಾಪುರದ ರಸ್ತೆಯಲ್ಲಿ ಎರಡನೇ ದಿಣ್ಣೆಗೆ ಕಟಕ್ ಅಂದಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ಕೋಮಲಾ ಬಾಗಿಲಿಗೆ ಕಿವಿ ಹಚ್ಚಿದ್ದರು. ಅಂಗೈಯಿಂದ ರೆಕ್ಸಿನ್ನನ್ನು ಸವರುತ್ತಾ ಮೇಲಿಂದ ಕೆಳಗೆ ಬಂದರು. ಮೂರನೇ ದಿಣ್ಣೆ, ಮತ್ತೆ ಕಟಕ್. ಅವರ ಕೈ ಹಿಡಿಕೆಯ ಕೆಳಗೆ ಒಂದು ಗೇಣಿನಲ್ಲಿ ನಿಂತಿತು. ಚೀಲದಿಂದ ಬಟ್ಟೆಗೆ ಗುರುತು ಹಾಕುವ ಗುಲಾಬಿ ಚಾಕ್ ತೆಗೆದು, ಅಲ್ಲೊಂದು ಬೊಟ್ಟು ಇಟ್ಟರು.

ಮುಂದಿನ ಕನ್ನಡಿಯನ್ನು ನೋಡಿದೆ. ಅದನ್ನು ರಸ್ತೆಗೆ ತಿರುಗಿಸಿರಲಿಲ್ಲ. ಅದರಲ್ಲಿ ಧನಪಾಲ್ ಅವರ ಕಣ್ಣುಗಳಿದ್ದವು, ಆ ಕಣ್ಣು ಹೆಂಡತಿಯ ಕೈಯ ಮೇಲಿತ್ತು. ಬೊಟ್ಟು ಬಿದ್ದ ಕೂಡಲೇ ತಲೆಯಾಡಿಸಿದರು. ಅಮೃತಾಪುರದ ದೇವಸ್ಥಾನದ ಹತ್ತಿರ ಮರದ ನೆರಳಿಗೆ ಕಾರು ನಿಲ್ಲಿಸಿ, ಬೊಟ್ಟಿದ್ದ ಕಡೆ ರೆಕ್ಸಿನ್ ಬಿಚ್ಚತೊಡಗಿದರು.

ನನಗೆ ಎಲ್ಲ ಅರ್ಥವಾಯಿತು. ಅಷ್ಟು ಜನರೆದುರು ನಾನು ಆಡಿದ ಮಾತು ನನ್ನ ಕಿವಿಯಲ್ಲೇ ಗುಂಯ್ ಅನ್ನತೊಡಗಿತು.

ಕೋಮಲಾ ನನ್ನನ್ನು ದೇವಸ್ಥಾನದ ಗೋಡೆಯ ನೆರಳಿಗೆ ಕರೆದುಕೊಂಡು ಹೋದರು.

"ಅವರಪ್ಪ ಉಗ್ರಪ್ಪ ಅಂತ, ನಮ್ಮ ಮಾವ. ಶಿವನಿ ಕಡೆ ರೈಲ್ವೆ ಗ್ಯಾಂಗಲ್ಲಿದ್ರು" ಎಂದು ಶುರುಮಾಡಿದರು. "ಸುತ್ಗೆ ಹೆಗಲ ಮೇಲಿಟ್ಕೊಂಡು ಹಳಿ ಗುಂಟ ನಡಿಯೋದು, ತಟ್ಟಿ ತಟ್ಟಿ ಕೇಳೋದು. ಗಟ್ಟಿಯಾಗಿದ್ರೆ ಒಂದು ಸದ್ದು, ಸಡ್ಲಾಗಿದ್ರೆ ಒಂದು ಸದ್ದು. ಇವರ್ನೂ ಕರ್ಕೊಂಡು ಹೋಗಿ, ಈಗ ನೀನು ಹೇಳು ನೋಡಣ ಅಂತಿದ್ರಂತೆ. ಹಂಗೆ ಕಲ್ತ ಕಿವಿ ಮೇಡಂ ಅದು. ನಾನು ಮದ್ವೆಯಾಗಿ ಬಂದಾಗ, ರಸ್ತೇಲಿ ಹೋಗೋ ಕಾರಿನ ಸದ್ದು ಕೇಳಿ ಯಾವ ಬಾಗ್ಲು, ಎಷ್ಟನೇ ಬೋಲ್ಟು ಅಂತ ಹೇಳೋರು. ಆ ಕಿವೀನ ತಗಡು ಬಡಿಯೋ ಸುತ್ಗೆನೇ ತಿಂದ್ಬಿಡ್ತು. ಒಂದೇ ದಿನಕ್ಕಲ್ಲ, ಸ್ವಲ್ಪ ಸ್ವಲ್ಪ."

"ನಿಮಗೆ ಯಾವಾಗ ಗೊತ್ತಾಯ್ತು?"

"ಏಳು ವರ್ಷ ಆಯ್ತು. ಒಂದಿನ ಇಲ್ಲಿಗೆ ರವಿಕೆ ಕೊಡೋಕೆ ಬರ್ಬೇಕಿತ್ತು, ಟ್ರಯಲ್ ಗಾಡೀಲೇ ಕೂತ್ಕೊಂಡೆ. ಬಾಗ್ಲು ಲೊಟಲೊಟ ಅಂತಿದೆ, ಇವರು ಆರಾಮಾಗಿ ಓಡುಸ್ತಿದಾರೆ. ಸದ್ದು ಬತ್ತಿದೆ ಕಣ್ರೀ ಅಂದೆ. ತಿರುಗ್ಲೇ ಇಲ್ಲ. ಇನ್ನೊಂದ್ಸಲ ಅನ್ನೋಕೆ ಬಾಯಿ ಬರ್ಲಿಲ್ಲ ಮೇಡಂ. ಸದ್ದು ಬಂದ ಜಾಗಕ್ಕೆ ಚಾಕಲ್ಲಿ ಒಂದು ಗುರುತು ಹಾಕ್ಬಿಟ್ಟೆ. ಮನೆಗೆ ಬಂದು ಅದನ್ನ ನೋಡುದ್ರು, ನನ್ನ ನೋಡುದ್ರು, ಬಿಚ್ಚುದ್ರು, ಸರಿ ಮಾಡುದ್ರು. ಮಾರನೇ ದಿನ ಇನ್ನೊಂದು ಗಾಡಿ ತೆಗಿವಾಗ, 'ಬತ್ತೀಯಾ, ಗಾಳಿಗೆ ಹೋಗ್ಬರಾಣ' ಅಂದ್ರು. ಅವತ್ತಿಂದ ಹಿಂಗೇ. ಕಿವಿ ಕೇಳಲ್ಲ ಅಂತ ಅವರು ಒಂದಿನ ಹೇಳಿಲ್ಲ. ನಾನೂ ಕೇಳಿಲ್ಲ."

"ಮನೆಯಲ್ಲೂ?"

"ಮನೇಲೂ. ನಾನು ಅವರ ಎದ್ರಿಗೆ ಹೋಗಿ ನಿಂತ್ಕೊಂಡೇ ಮಾತಾಡ್ತೀನಿ. ಹಿಂದಿಂದ ಕೂಗೋದು ಬಿಟ್ಬಿಟ್ಟೆ."

ಮೊದಲ ಗುರುತನ್ನು ಅಳಿಸುವುದು ಮರೆತುಹೋಗಿತ್ತಂತೆ. ಆ ಮೊದಲ ಗಾಡಿ ಒಬ್ಬ ಟ್ಯಾಕ್ಸಿಯವನದು, ಅವನು ಅದನ್ನು ದೃಷ್ಟಿಬೊಟ್ಟು ಅಂದುಕೊಂಡ. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು. ಹಾಗಾಗಿ ದೃಷ್ಟಿ ನಂಬದ ಮನುಷ್ಯ ಊರಿಗೆಲ್ಲ ದೃಷ್ಟಿಬೊಟ್ಟು ಇಡುವವರಾಗಿ ಉಳಿದುಬಿಟ್ಟರು.

"ಕಿವಿಗೆ ಮಿಷನ್ ಹಾಕಿಸಬಾರದೇ?" ಅಂದೆ. ಟೀಚರ್ ಬುದ್ಧಿ.

"ಹಾಕ್ಕೊಂಡ್ರೆ ಗಿರಾಕಿಗಳ ಕಣ್ಣಿಗೆ ಬೀಳ್ತದಲ್ಲ ಮೇಡಂ. ಕಿವಿ ಕೇಳದೋನ ಹತ್ರ ಯಾರಾದ್ರೂ ಸದ್ದು ಬರೋ ಗಾಡಿ ತತ್ತಾರಾ? ಈ ಕೆಲ್ಸ ಬಿಟ್ರೆ ಅವರಿಗೆ ಬೇರೆ ಜೀವ ಇಲ್ಲ." ಅವರು ನನ್ನ ಕೈ ಹಿಡಿದುಕೊಂಡರು. ಬೆರಳ ತುದಿಯಲ್ಲಿ ಇನ್ನೂ ಚಾಕಿನ ಪುಡಿ ಇತ್ತು. "ಯಾರಿಗೂ ಹೇಳ್ಬೇಡಿ. ನಿಮಗೆ ಗೊತ್ತಾಯ್ತು ಅಂತ ಅವರಿಗೂ ಹೇಳ್ಬೇಡಿ."

ಅತ್ತ ಧನಪಾಲ್ ಬಾಗಿಲ ಹೊಟ್ಟೆಯೊಳಗೆ ಕೈ ಹಾಕಿ ಲಾಕಿನ ಸರಳನ್ನು ಹಿಡಿದಿದ್ದರು. ಅದನ್ನು ಕಚ್ಚಿಕೊಳ್ಳುವ ಕ್ಲಿಪ್ಪು ಮುರಿದಿತ್ತು. ಸೈಕಲ್ ಟ್ಯೂಬಿನ ತುಂಡೊಂದನ್ನು ಸರಳಿಗೆ ಸುತ್ತಿ ಬಿಗಿದು, ಬಾಗಿಲು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು ನಿಂತರು. ವಾಪಸ್ ಬರುವಾಗ ಕಾರು ತೆಪ್ಪಗಿತ್ತು. ನಾನೂ ತೆಪ್ಪಗಿದ್ದೆ. ಕ್ಷಮೆ ಕೇಳಬೇಕೆಂದರೂ ಕೇಳುವ ಹಾಗಿರಲಿಲ್ಲ, ಕೇಳಿದರೆ ಗುಟ್ಟು ಬಯಲಾಗುತ್ತಿತ್ತು.

ಗುಟ್ಟನ್ನು ನಾನಾಗಲೇ ಬಯಲು ಮಾಡಿಯಾಗಿತ್ತು ಎಂದು ತಿಳಿದದ್ದು ಸೋಮವಾರ. ಟ್ಯಾಕ್ಸಿ ಸ್ಟ್ಯಾಂಡಿನ ಹತ್ತಿರ ಚೌಡಪ್ಪ ಕಾರಿಗೆ ಅಡ್ಡ ನಿಂತ.

"ಮೇಡಮ್ಮೋರೇ, ಅವತ್ತು ನೀವಂದ್ರಲ್ಲ, ಧನಪಾಲಣ್ಣಂಗೆ ಕಿವಿ ಕೇಳಲ್ವಾ ಅಂತ. ನಾವೆಲ್ಲ ತಮಾಷೆ ಅನ್ಕೊಂಡ್ವಿ. ಆಮೇಲೆ ನೋಡಿದ್ರೆ ಹೌದೇನೋ ಅನ್ನುಸ್ತದೆ. ನಿನ್ನೆ ಹಿಂದಿಂದ ಮೂರ್ಸಲ ಕೂಗ್ದೆ, ತಿರುಗ್ಲಿಲ್ಲ. ನನ್ನ ನಾಲ್ಕೂ ಗಾಡಿ ಕಡೂರಿನ ಗ್ಯಾರೇಜಿಗೆ ತಗೊಂಡೋಗೋದಾ ಅಂತ ಯೋಚ್ನೆ. ನಾನು ಹೋದ್ರೆ ಸ್ಟ್ಯಾಂಡೋರೆಲ್ಲ ಬತ್ತಾರೆ."

"ಸುಮ್ನಿರೋ, ಅವತ್ತು ಏನೋ ಸಿಟ್ಟಲ್ಲಿ ಅಂದೆ."

"ಹಂಗಾದ್ರೆ ಒಂದು ಕೆಲ್ಸ ಮಾಡಣ. ನಾಳೆ ನನ್ನ ಹಳೇ ವ್ಯಾನು ಟ್ರಯಲ್‌ಗೆ ಹೋಗ್ಬೇಕು. ನಾನೂ ಬತ್ತೀನಿ, ನೀವೂ ಬನ್ನಿ. ನಿಮ್ಮ ಕಿವಿ ಎಂಥದ್ದು ಅಂತ ಎರಡು ಸಲ ಫೇಲಾದೋನು ನಾನು, ನಂಗೊತ್ತಿಲ್ವಾ? ಯಾವ ಬಾಗ್ಲು ಅಂತ ಧನಪಾಲಣ್ಣ ಹೇಳ್ಲಿ. ನೀವು ಹೌದು ಅಂದ್ರೆ ಹೌದು."

ಚೌಡಪ್ಪ ಕೆಟ್ಟವನಲ್ಲ. ಅವನ ಗಾಡಿಯಲ್ಲಿ ದಿನಾ ಶಾಲೆಯ ಚಿಕ್ಕ ಮಕ್ಕಳು ಹೋಗುತ್ತಾರೆ. ಬಾಗಿಲು ಭದ್ರವಾಗಿರಬೇಕು ಎನ್ನುವುದರಲ್ಲಿ ತಪ್ಪೇನಿದೆ? 'ಆಯ್ತು' ಅಂದೆ. ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಧನಪಾಲ್ ಯಾವ ಬಾಗಿಲು ತೋರಿಸಿದರೂ ಹೌದು ಎನ್ನುವುದು, ಆಮೇಲೆ ಕೋಮಲಾ ಅವರ ಕೈಲಿ ಸರಿಯಾದ ಜಾಗ ಹೇಳಿಸುವುದು. ಇಪ್ಪತ್ತಾರು ವರ್ಷ ಮಕ್ಕಳ ಸಣ್ಣಪುಟ್ಟ ಸುಳ್ಳಿಗೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವಳು, ಆ ದಿನ ಚೆನ್ನಾಗಿಯೇ ಸುಳ್ಳು ತಯಾರು ಮಾಡಿಕೊಂಡು ಹೋದೆ.

ಮಂಗಳವಾರ ಸಂಜೆ ಶೆಡ್ಡಿನ ಮುಂದೆ ವ್ಯಾನು ನಿಂತಿತ್ತು. ಸ್ಟ್ಯಾಂಡಿನ ಯಜಮಾನನಿಗೆ ಬೇಡ ಅನ್ನಲಾಗದೆ ಧನಪಾಲ್ ಸ್ಟೇರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಚೌಡಪ್ಪ, ಹಿಂದೆ ನಾನು ಮತ್ತು ಕೋಮಲಾ. ಟೀ ಅಂಗಡಿಯವರು ಗ್ಲಾಸು ಹಿಡಿದು ಇತ್ತಲೇ ನೋಡುತ್ತಿದ್ದರು. ಕೋಮಲಾ ಅವರ ಕೈ ಚೀಲದೊಳಗಿತ್ತು.

ಚೌಡಪ್ಪ ಹಿಂದೆ ತಿರುಗಿದ. "ಅಕ್ಕಾ, ನೀವು ಇವತ್ತು ಇಳ್ಕೊಳಿ. ಜನ ಜಾಸ್ತಿ ಆದ್ರೆ ಸದ್ದು ಗೊತ್ತಾಗಲ್ಲ."

ಮಾತಿನಲ್ಲಿ ಒರಟುತನವಿರಲಿಲ್ಲ. ಕೋಮಲಾ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡಿದೆ. ಅವರು ಎದ್ದು, ಜಾರುವ ಬಾಗಿಲನ್ನು ಸರಿಸಿ ಕೆಳಗಿಳಿದು ಚೀಲವನ್ನು ಎದೆಗವಚಿಕೊಂಡು ನಿಂತರು.

ಧನಪಾಲ್‌ಗೆ ಚೌಡಪ್ಪನ ಮಾತು ಕೇಳಿಸಿರಲಿಲ್ಲ. ಅವರು ಇಂಜಿನ್ ಚಾಲೂ ಮಾಡಿ, ಅಭ್ಯಾಸಬಲದಿಂದ ಕನ್ನಡಿ ನೋಡಿದರು. ಅಲ್ಲಿ ಹೆಂಡತಿಯ ಜಾಗ ಖಾಲಿ ಇತ್ತು. ತಿರುಗಿ ನೋಡಿದರು, ಹೊರಗೆ ನಿಂತವರನ್ನು ಕಂಡರು. ಚೌಡಪ್ಪನ ಮುಖ ನೋಡಿದರು.

"ಹೋಗಣ ಧನಪಾಲಣ್ಣ" ಎಂದು ಚೌಡಪ್ಪ ಬಾಯಿ ಅಗಲಿಸಿ ಹೇಳಿದ.

ಧನಪಾಲ್ ಕೀ ತಿರುಗಿಸಿ ಇಂಜಿನ್ ಆರಿಸಿದರು. ಎರಡೂ ಕೈ ಸ್ಟೇರಿಂಗ್ ಮೇಲೆಯೇ ಇದ್ದವು. ಮುಂದಕ್ಕೇ ನೋಡುತ್ತಾ ಹೇಳಿದರು, ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ಟೀ ಅಂಗಡಿಯ ತನಕ ಕೇಳುವಷ್ಟು.

"ಅವಳಿಲ್ದೆ ನಂಗೆ ಆಗಲ್ಲ ಕಣಪ್ಪ ಚೌಡಪ್ಪ. ನಂಗೆ ಕಿವಿ ಕೇಳಲ್ಲ. ಏಳು ವರ್ಷ ಆಯ್ತು. ನಿನ್ನ ಗಾಡಿ ಸದ್ದು ನಾನು ಒಂದಿನ ಕೇಳಿಲ್ಲ. ಕೇಳೋದೆಲ್ಲ ಅವಳೇ. ನಾನು ಬರೀ ಬಿಚ್ಚಿ ಹಾಕ್ತೀನಿ."

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಏಳು ವರ್ಷ ಹೆಂಡತಿಯ ಎದುರಿಗೂ ಆಡದ ಮಾತನ್ನು ಆ ಮನುಷ್ಯ ರಸ್ತೆಯಲ್ಲಿ, ಊರವರೆದುರು ಆಡಿದ್ದರು. ಅದೂ ಹೆಂಡತಿಯನ್ನು ಗಾಡಿಯಿಂದ ಇಳಿಸಿದರಲ್ಲ ಎಂಬ ಒಂದೇ ಕಾರಣಕ್ಕೆ.

"ಮತ್ತೆ ಬೊಟ್ಟು?" ಎಂದ ಚೌಡಪ್ಪ, ಕೊನೆಗೆ. ಧನಪಾಲ್ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಅದು ದೃಷ್ಟಿದಲ್ಲಪ್ಪ. ಅವಳು ರವಿಕೆಗೆ ಗುರುತು ಹಾಕೋ ಚಾಕ್. ಸದ್ದು ಎಲ್ಲಿ ಬತ್ತದೆ ಅಂತ ನಂಗೆ ತೋರ್ಸೋಕೆ."

ಚೌಡಪ್ಪ ತಲೆ ಕೆರೆದುಕೊಂಡ. ಏಳು ವರ್ಷದಿಂದ ಅವನು ಆ ಬೊಟ್ಟಿಗೆ ಊದುಬತ್ತಿ ಬೆಳಗಿದ್ದ. ಆಮೇಲೆ ತನ್ನ ಕಡೆಯ ಬಾಗಿಲು ತೆಗೆದು ಇಳಿದ. ಕಡೂರಿಗೆ ಗಾಡಿ ಒಯ್ಯಲು ಕೀ ಕೇಳುತ್ತಾನೆ ಎಂದುಕೊಂಡೆ. ಅವನು ವ್ಯಾನನ್ನು ಸುತ್ತಿ ಬಂದು, ಕೋಮಲಾ ಅವರ ಮುಂದಿನ ಜಾರುಬಾಗಿಲನ್ನು ಪೂರ್ತಿ ಸರಿಸಿ ಹಿಡಿದ.

"ಹತ್ತಿ ಅಕ್ಕಾ. ನೀವು ಗಾಡೀಲಿ ಇರೋಗಂಟ ನಂಗೆ ಕಡೂರು ಯಾಕೆ?"

ಕೋಮಲಾ ಅಲ್ಲಾಡಲಿಲ್ಲ. ಅವರ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟು. ಡ್ರೈವರ್ ಸೀಟಿನ ಕಡೆಗೆ ದಡದಡ ನಡೆದು ಬಂದು, ಗಂಡನಿಗೆ ಬಾಯಿ ಕಾಣುವ ಹಾಗೆ ಎದುರಿಗೆ ನಿಂತರು.

"ಯಾಕ್ರೀ ಹೇಳುದ್ರಿ? ನಾನು ಕೇಳಿದ್ನಾ? ಏಳು ವರ್ಷ ಬಾಯಿ ಬಿಟ್ಟಿದ್ನಾ ನಾನು?"

"ನೀನು ಇಳ್ದು ನಿಂತ್ಬಿಟ್ಟಲ್ಲೇ" ಅಂದರು ಧನಪಾಲ್. ಅಷ್ಟೇ ಅಂದದ್ದು.

ಕೋಮಲಾ ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಒಟ್ಟಿಗೇ ಬಂದಿತ್ತು. ಚೀಲದಿಂದ ಚಾಕ್ ತೆಗೆದರು. ಕಿಟಕಿಯಿಂದ ಕೈ ಹಾಕಿ, ಗಂಡನ ಕಿವಿಯ ಹಿಂದೆ, ಎಳೇ ಮಕ್ಕಳಿಗೆ ದೃಷ್ಟಿ ತಾಗದಿರಲಿ ಎಂದು ಕಾಡಿಗೆ ಇಡುತ್ತಾರಲ್ಲ, ಆ ಜಾಗದಲ್ಲಿ ಗುಲಾಬಿ ಬೊಟ್ಟೊಂದನ್ನು ಇಟ್ಟರು.

"ಇಲ್ಲೇ ಕಣ್ರೀ ಕೆಟ್ಟಿರೋದು" ಅಂದರು.

ಚಾಕ್ ತಾಗಿದಾಗಲೇ ಧನಪಾಲ್ ಕಣ್ಣು ಮುಚ್ಚಿಕೊಂಡಿದ್ದರು. ಆ ಮಾತು ಅವರಿಗೆ ತಿಳಿದಿರಲಿಕ್ಕಿಲ್ಲ, ಹೆಂಡತಿಯ ಕೈಯಂತೂ ತಿಳಿದಿತ್ತು. ಟೀ ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಆಮೇಲೆ ನಾಲ್ಕು ಜನರೂ ಅಮೃತಾಪುರಕ್ಕೆ ಹೋದೆವು. ಎರಡನೇ ದಿಣ್ಣೆಯಲ್ಲಿ ಜಾರುಬಾಗಿಲ ಮೇಲಿನ ಹಳಿ ಕರಕರ ಎಂದದ್ದು ನನಗೂ ಕೇಳಿತು, ಚೌಡಪ್ಪನಿಗೂ ಕೇಳಿತು. ಇಬ್ಬರೂ ಬಾಯಿ ಮುಚ್ಚಿಕೊಂಡು ಕೋಮಲಾ ಅವರ ಕೈಯನ್ನು ನೋಡಿದೆವು. ಕನ್ನಡಿಯಲ್ಲಿ ಧನಪಾಲ್ ಕೂಡ ನೋಡುತ್ತಿದ್ದರು. ಅವರ ಕಿವಿಯ ಹಿಂದಿನ ಬೊಟ್ಟು ಬೆವರಿಗೆ ಸ್ವಲ್ಪ ಹರಡಿತ್ತು. ದೃಷ್ಟಿ ನಂಬದ ಆ ಮನುಷ್ಯ ಸಂಜೆ ಅಂಗಡಿ ಬಾಗಿಲು ಹಾಕುವ ತನಕ ಅದನ್ನು ಒರೆಸಿಕೊಳ್ಳಲಿಲ್ಲ.